ಒಂದು ಗೇಣು ಕಡಿಮೆ

ರಕ್ಷಣಾ ಇಲಾಖೆಯ ಅನುದಾನದಲ್ಲಿ ಬಂದದ್ದು
ಒಂದು ಮಗ್ಗ, ಎರಡು ಉರುಳೆ ಹಳದಿ ನೂಲು,
ಆಮೇಲೆ ನಾನು, ಮಾರ್ಚ್ ಮೂವತ್ತೊಂದರ ತನಕ.

ದಾವಣಗೆರೆಯ ಮಿಲ್ಲು ಮುಚ್ಚಿದಾಗಿಂದ ಸುಮ್ಮನಿದ್ದ ಕೈಗಳನ್ನು
ಇಂಜಿನಿಯರಿಂಗ್ ಕಾಲೇಜಿನ ಲ್ಯಾಬು ಕರೆಯಿತು.
ಕತ್ತರಿಗೂ ಜಗ್ಗದ ನೂಲು.
"ಗುಂಡು ತಡೆಯೋ ಬಟ್ಟೆ, ಕರಿಬಸಣ್ಣ, ಎಳೆ ತಪ್ಪಬಾರದು"
ಅಂದರು ಶಹನಾಜ್ ಮೇಡಂ.
ತಪ್ಪಲಿಲ್ಲ.

ನೇಯ್ದದ್ದು ಎಲ್ಲಿಗೋ ಹೋಗಿ, ಯಾರೋ ಗುಂಡು ಹೊಡೆದು
ವಾಪಸು ಬಂತು. ಹದಿನಾರು ಪದರ ತೂತು.
ಹದಿನೇಳರಲ್ಲಿ ಸೀಸ ಕೂತಿತ್ತು,
ತುಳಿದ ಬೋರೆಹಣ್ಣಿನಂತೆ ಚಪ್ಪಟೆ.
ಮೇಡಂ ಲ್ಯಾಬಿಗೆಲ್ಲ ಪೇಡೆ ಹಂಚಿದರು.
ನಾನು ತೂತಿನೊಳಗೆ ಕಿರುಬೆರಳಿಟ್ಟು
ಆಚೆ ಎದೆಯಿರುತ್ತಲ್ಲ,
ಅಲ್ಲಿಗೆ ಎಷ್ಟು ದೂರ ಎಂದು ನೋಡಿದೆ.

ಈಗ ಆಡಿಟ್ಟು.
ಬಳಕೆ ಪ್ರಮಾಣಪತ್ರದಲ್ಲಿ ಒಂದು ಗೇಣು ಬಟ್ಟೆ ಕಡಿಮೆ.
ದಿಲ್ಲಿಯಿಂದ ಬಂದವರು ಕನ್ನಡಕ ತೆಗೆದು ಕೇಳುತ್ತಾರೆ:
ಎಲ್ಲಿ ಹೋಯ್ತು?
ನಾನು ನೆಲ ನೋಡುತ್ತೇನೆ.

ಸಂಜೆ ಪಿ.ಬಿ. ರಸ್ತೆಯ ಗಾಡಿಯಲ್ಲಿ
ಮಿರ್ಚಿ ಬೇಯುವ ಎಣ್ಣೆ ಬಾಣಲೆಯನ್ನು
ಗಂಗವ್ವ ಹಳದಿ ತುಂಡಿನಲ್ಲಿ ಹಿಡಿದು ಇಳಿಸುತ್ತಾಳೆ.
ಅಂಗೈಯ ಗುಳ್ಳೆ ಮಾಗಿ ಮೂರು ತಿಂಗಳಾಯಿತು.

ಕಾಲಂ ಒಂಬತ್ತು: ಉತ್ಪನ್ನ ಏನನ್ನು ತಡೆಯಿತು?
ನನಗೆ ಗೊತ್ತು.
ತುಂಬುವವರು ಮೇಡಂ.