ಲಾಮಾದ ಗೊರಸು

ಒರುರೊಗೆ ಹತ್ತುವ ಬಸ್ಸಿನಲ್ಲಿ
ಚಿಪ್ಸ್ ಪೊಟ್ಟಣಗಳು ತಾವೇ ಉಬ್ಬುತ್ತವೆ.
ಎತ್ತರವೆಂದರೆ ಇಷ್ಟೇ: ಒಳಗಿನ ಗಾಳಿಗೆ
ಇದ್ದ ಜಾಗ ಸಾಲದು.

ಎಪಿಫಾನಿಯೊ ವಾರಾಚಿ,
ತವರದ ಗಣಿಯಲ್ಲಿ ಮೂವತ್ತೊಂದು ವರ್ಷ,
ನಾಲ್ಕು ದಿನದಿಂದ ಹೊರಗೆ ಹೋಗಿಲ್ಲ.
ಬೆರಳು ತಟ್ಟಿದರೆ ಹೊಟ್ಟೆ ನಗಾರಿ.

ಎಕ್ಸ್‌ರೇ ಬೆಳಕಿಗೆ ಹಿಡಿದು
ಕಾಫಿ ಬೀಜ, ಎಂದರು ಡಾಕ್ಟರ್ ಸೊಲೆದಾದ್.
ಪುಸ್ತಕದಲ್ಲಿ ಹಾಗೇ ಇದೆ.
ಅವನ ಹೆಂಡತಿ ಬಾಸಿಲಿಯಾ ಟೋಪಿ ತೆಗೆದು, ಹತ್ತಿರ ಬಂದು,
ಅಲ್ಲ, ಲಾಮಾದ ಗೊರಸು, ಎಂದಳು,
ಕೆಸರಲ್ಲಿ ಊರಿ ಹೋದದ್ದು.
ಯಾರೂ ತಿದ್ದಲಿಲ್ಲ.

ಎಡಮಗ್ಗುಲಿಗೆ ಮಲಗಿಸಿದೆ. ಮಂಡಿ ಎದೆಗೆ.
ಭುಜ ಹಿಡಿಯುವುದು, ಮಾತಾಡಿಸುತ್ತಿರುವುದು ನನ್ನ ಕೆಲಸ.
ಕಪ್ಪು ನಳಿಕೆ, ತುದಿಯಲ್ಲಿ ದೀಪ.
"ಹೆಚ್ಚು ಊದಬೇಡ, ಊದಬೇಡ,"
ಡಾಕ್ಟರ್ ತಮಗೇ ಹೇಳಿಕೊಳ್ಳುತ್ತಿದ್ದರು.
ಪರದೆಯ ಮೇಲೆ ಗುಲಾಬಿ ಗೋಡೆ, ಇನ್ನೂ ಗೋಡೆ,
ಆಮೇಲೆ ದಾರಿಯೇ ಸುತ್ತಿಕೊಂಡು
ಹಿಂಡಿಟ್ಟ ಒದ್ದೆ ಬಟ್ಟೆ.

ಕಪ್ಪಗಿದೆಯಾ, ಎಂದು ಕೇಳಿದ.
ಗಣಿಯವನು, ಗೋಡೆಯ ಬಣ್ಣ ಓದದೆ
ಮುಂದಡಿ ಇಟ್ಟವನಲ್ಲ.
ಕಪ್ಪಾದರೆ ಅಲ್ಲಿಗೇ ನಿಲ್ಲಿಸಿ
ಈ ರಾತ್ರಿಯೇ ಹೊಟ್ಟೆ ಕೊಯ್ಯಬೇಕು.
ಇಲ್ಲ, ಕೆಂಪು, ಎಂದೆ.
ಒಂದು ಕಡೆ ಕೊಂಚ ನೀಲಿ ಎನ್ನಲಿಲ್ಲ.

ಡಾಕ್ಟರ್ ತಳ್ಳಲಿಲ್ಲ. ಕಾದರು.
ಮಣಿಕಟ್ಟು ಒಂದಿಷ್ಟೇ ತಿರುಗಿಸಿ,
ಹಳೇ ಬೀಗವನ್ನು ಬೇರೆ ಕೀಲಿಯಲ್ಲಿ ಪುಸಲಾಯಿಸುವ ಹಾಗೆ,
ಇನ್ನೂ ಒಂದಿಷ್ಟು

ಬಂತು.
ಮೊದಲು ಗಾಳಿ. ಆಮೇಲೆ ಏನೇನೋ.
ನನ್ನ ಏಪ್ರನ್, ನೆಲ, ಡಾಕ್ಟರ ಎಡ ಬೂಟು.
ಆ ನಾತದಲ್ಲಿ ನಿಂತು
ಮೂವರೂ ನಕ್ಕೆವು, ಅವನೂ.
ಮನೆಯಲ್ಲಿ ಮಕ್ಕಳು ಬಿಟ್ಟರೆ ಗದರುವವಳು
ಈ ಒಂದು ಹೂಸಿಗೆ ಸುರಂಗದ ಮಾತೆಗೆ
ಎರಡು ಮೇಣದಬತ್ತಿ ಹರಕೆ ಹೊತ್ತಿದ್ದೆ.

ಹೊಟ್ಟೆ ಇಳಿಯಿತು, ಗೂಟ ಕಿತ್ತ ಡೇರೆಯಂತೆ,
ಒಂದು ಮೂಲೆ ಮೊದಲು.
ರಬ್ಬರ್ ಕೊಳವೆ ಒಳಗೇ ಬಿಟ್ಟು ತೊಡೆಗೆ ಅಂಟಿಸಿದೆ.
ಮುಗಿದಿಲ್ಲ, ಎಂದರು ಡಾಕ್ಟರ್,
ಬಿಚ್ಚಿಕೊಂಡ ಕರುಳಿಗೆ ತಿರುಚುವ ದಾರಿ ನೆನಪಿರುತ್ತದೆ,
ಗುರುವಾರ ಆ ತುಂಡು ತೆಗೆಯಬೇಕು.
ಎಪಿಫಾನಿಯೊ ಹೂಂ ಎಂದದ್ದು ನಿದ್ದೆಯಲ್ಲಿ.

ಕೊಳವೆಯ ತುದಿಗೆ ನೀರಿನ ಬಾಟಲಿ.
ಬಾಸಿಲಿಯಾ ಅದರೆದುರು ಕೂತಳು.
ಒಂದು ಗುಳ್ಳೆ. ಏನಿಲ್ಲ. ಏನಿಲ್ಲ. ಮತ್ತೊಂದು.
ಬೆರಳು ಮಡಚಿ ಐಮಾರಾದಲ್ಲಿ ಎಣಿಸುತ್ತಿದ್ದಳು.
ಹದಿನೇಳಕ್ಕೆ ನನ್ನ ಪಾಳಿ ಮುಗಿಯಿತು.