ಚಿಲ್ಲರೆ

ಕೊನೆಯ ಟ್ರಿಪ್ಪು ಮುಗಿದು ಸ್ಟೇಟ್‌ಬ್ಯಾಂಕಿನಲ್ಲಿ
ಬಸ್ಸು ಗುಡಿಸುವಾಗ ಹಿಂದಿನ ಸೀಟಿನಡಿ ಸಿಕ್ಕಿದ್ದು.
ಇಳಿದವರು ಕೇಳದೆ ಬಿಟ್ಟುಹೋದದ್ದು ಚಿಲ್ಲರೆ ತಾನೆ?
ಹಾಗೆಂದೇ ಕರೆದೆ.

ಮೂರು ವರ್ಷ ಸಾಕಿದ್ದು ಹತ್ತು ರೂಪಾಯಿಯ ಪ್ಯಾಕೆಟ್ಟಿನಲ್ಲಿ.
ಮೀನಿನ ಆಕಾರದ ಕಾಳು ಆರಿಸಿ ತಿಂದು
ನಕ್ಷತ್ರಗಳನ್ನು ನೆಲದಲ್ಲೇ ಬಿಡುತ್ತಿತ್ತು.
ನಕ್ಷತ್ರ ಗುಡಿಸುವ ಕೆಲಸ ನನ್ನದು.

ಮೊನ್ನೆ ಮೂತ್ರ ಕಟ್ಟಿತು.
ಬಚ್ಚಲ ಮೂಲೆಯಲ್ಲಿ ಕೂತು ಗೋಡೆಗೆ ದೂರು ಹೇಳುತ್ತಿತ್ತು.
ಡಾಕ್ಟರು ನಳಿಗೆ ಹಾಕಿದರು,
ನಾನು ಸಂಬಳದ ಅಡ್ವಾನ್ಸಿಗೆ ಕೈ ಹಾಕಿದೆ.
'ಒಣಕಾಳು ಬಂದ್. ಬೇಯಿಸಿದ ಮೀನು, ಉಪ್ಪು ಬೇಡ, ನೀರು ಜಾಸ್ತಿ.
ಅಥವಾ ಈ ಡಬ್ಬಿ.'
ಡಬ್ಬಿಯ ಬೆನ್ನು ತಿರುಗಿಸಿ ದರ ಓದಿ
ಮಲಗಿದ ಮಗುವನ್ನು ಇಟ್ಟಷ್ಟು ಮೆಲ್ಲಗೆ
ವಾಪಸು ಇಟ್ಟೆ.

ಮೀನು ಮಾರ್ಕೆಟ್ಟಿನ ಬಾಗಿಲಲ್ಲಿ, ಕತ್ತಲಾಗುವ ಹೊತ್ತಿಗೆ,
ವಾರಿಜಕ್ಕ ಹೊಟ್ಟೆ ಒಡೆದ ಬೂತಾಯಿಯನ್ನು ಇಪ್ಪತ್ತಕ್ಕೆ ಕೊಟ್ಟರು.
'ನಿಕ್ಕಾ, ಪುಚ್ಚೆಗಾ?'
ಇಬ್ಬರಿಗೂ ಎನ್ನಲು ನಾಚಿಕೆಯಾಗಿ
ಪುಚ್ಚೆಗೆ ಎಂದೆ.
ಎರಡು ಹೆಚ್ಚು ಹಾಕಿದರು.

ಸ್ಟೇಜು ಸ್ಟೇಜಾಗಿ ಹೋಗುವ ಎಂದುಕೊಂಡೆ.
ಸೋಮವಾರ ಒಂಬತ್ತು ಪಾಲು ಕಾಳಿಗೆ ಒಂದು ಪಾಲು ಮೀನು.
ಒಂದು ಪಾಲು ಹಾಗೇ ಉಳಿಯಿತು.
ಬುಧವಾರ ಕಾಳನ್ನು ಕುಟ್ಟಿ ಮೇಲೆ ಉದುರಿಸಿದೆ,
ಪುಡಿಯನ್ನಷ್ಟೇ ನೆಕ್ಕಿ
ಮೀನನ್ನು ತೊಳೆದು ಕೊಟ್ಟಿತು.
ಗುರುವಾರ ಮುಂಗಾಲಿನಲ್ಲಿ ಸಿಮೆಂಟು ಕೆರೆದು
ತಟ್ಟೆಯ ಮೇಲೆ ಮಣ್ಣು ಮುಚ್ಚಿತು,
ಇಲ್ಲದ ಮಣ್ಣು.
ಧಕ್ಕೆಯಲ್ಲಿ ಕಿವಿರು ಹೆಕ್ಕಿ ಬೆಳೆದವಳು ಮಾರಾಯ ನಿನ್ನ ಅಜ್ಜಿ,
ಎಂದು ನೆನಪಿಸಿದೆ.
ಅಜ್ಜಿಯ ವಿಷಯ ಅದಕ್ಕೆ ಬೇಡ.

ಶನಿವಾರ ನನಗೂ ಸಿಟ್ಟು.
ಮಧ್ಯಾಹ್ನದ ಹೋಟೆಲು ಬಿಟ್ಟು ಐದು ದಿನ,
ಹೊಟ್ಟೆಯೂ ಫಸ್ಟ್ ಗೇರಿನಲ್ಲೇ ಗುರುಗುಟ್ಟುತ್ತಿತ್ತು.
ಬೇಡವಾದರೆ ಬಿಡು, ನಾನೇ ತಿನ್ನುತ್ತೇನೆ, ಅಂತ
ಆ ಸಪ್ಪೆ ಮೀನನ್ನು ನನ್ನ ಗಂಜಿಯ ಪಕ್ಕ ಇಟ್ಟುಕೊಂಡು
ಉಪ್ಪಿನಕಾಯಿಗೆಂದು ಎದ್ದೆ.

ಹಿಂದೆ ಬಟ್ಟಲು ಸ್ವಲ್ಪ ಸರಿದ ಸದ್ದು.
ತಿರುಗಿದರೆ ಮೀನಿಲ್ಲ.
ಚಿಲ್ಲರೆ ಕಿಟಕಿಯಲ್ಲಿ ಕೂತು ಬೀದಿ ನೋಡುತ್ತಿದೆ,
ಏನೂ ತಿಳಿಯದ ಮುಖ,
ಮೀಸೆಯಲ್ಲಿ ಒಂದು ಮುಳ್ಳು.

ಈಗ ದಿನಾ ಹೀಗೆ.
ಮೀನನ್ನು ನನಗೇ ಬಡಿಸಿಕೊಂಡು
ಭರಣಿಯ ಹತ್ತಿರ ಬೇಕೆಂದೇ ತಡ ಮಾಡುತ್ತೇನೆ.
ಮುಚ್ಚಳ ತೆಗೆಯುತ್ತೇನೆ, ಹಾಕುತ್ತೇನೆ, ಮತ್ತೆ ತೆಗೆಯುತ್ತೇನೆ.
ಹಗಲಿಡೀ ನಾನು
ಫುಟ್‌ಬೋರ್ಡಿನಲ್ಲಿ ಮುಖ ಮರೆಸಿ ನಿಂತ ಕಾಲೇಜು ಹುಡುಗನನ್ನೂ
ಬೆನ್ನು ತಟ್ಟಿ ಟಿಕೆಟ್ ಕೇಳುವವನು.

ಜೂನ್ ಬಂದರೆ ಬೋಟುಗಳು ದಡಕ್ಕೆ.
ಬೂತಾಯಿಯ ರೇಟು ಕೇಳಲೂ ಧೈರ್ಯ ಬೇಕು,
ವಾರಿಜಕ್ಕನ ಬುಟ್ಟಿಯಲ್ಲಿ ಬರೀ ಉಪ್ಪು ಹಾಕಿದ ಒಣಮೀನು.
ಆಮೇಲೆ ಮೊಟ್ಟೆಯೇ ಗತಿ,
ಅರ್ಧ ನನಗೆ, ಅರ್ಧ ಅದಕ್ಕೆ.

ಮೊಟ್ಟೆ ಕದಿಯುವುದನ್ನು
ಈಗಿನಿಂದಲೇ ಕಲಿಸಬೇಕು.