ಲೆಕ್ಕಕ್ಕುಂಟು, ಆಟಕ್ಕಿಲ್ಲ

ಆಂಟ್‌ವರ್ಪ್ ಬಂದರಿನ ಸುಂಕದ ಕಟ್ಟೆ, ಆರನೇ ಮೇಜು.
ಹೊರಗೆ ಸ್ಕೆಲ್ಟ್ ನದಿಯ ಮಂಜು
ಕ್ರೇನುಗಳ ಕತ್ತು ನುಂಗಿ ಕೂತಿದೆ.
ಒಳಗೆ ನಾನು, ಒಂದು ಮಸೂರ, ಒಂದು ನಮೂನೆ,
ಮತ್ತು ಪೆಟ್ಟಿಗೆಯಲ್ಲಿ ಗೇಣುದ್ದದ ಹುಡುಗಿ:
ನೀಲಿ ಕೂದಲು, ತುದಿ ಮುರಿದ ಕತ್ತಿ,
ಬೀಸದ ಗಾಳಿಗೆ ಹಾರಿ ನಿಂತ ಮೇಲಂಗಿ.

ನಮೂನೆ ಕೇಳುತ್ತದೆ: ಆಟಿಕೆಯೋ, ಕಲೆಯೋ?
ಒಂದಕ್ಕೆ ಒಂದು ದರ, ಇನ್ನೊಂದಕ್ಕೆ ಇನ್ನೊಂದು.
ಆಟಿಕೆಯಾದರೆ ಮಗು ನುಂಗುವಂತಿರಬಾರದು,
ಕಲೆಯಾದರೆ ಯಾರದಾದರೂ ಸಹಿ ಇರಬೇಕು.
ಇಪ್ಪತ್ತೆರಡು ವರ್ಷ ಈ ಮೇಜಿನಲ್ಲಿ
ಹೆಪ್ಪುಗಟ್ಟಿದ ಮೀನು, ತಂತಿ ಹರಿದ ಪಿಯಾನೋ,
ಒಮ್ಮೆ ಯಾರದೋ ಅಜ್ಜಿಯ ಬೂದಿ,
ಎಲ್ಲಕ್ಕೂ ಒಂದು ಅಂಕಿ ಹುಡುಕಿಕೊಟ್ಟವಳು ನಾನು.

ಮೇಜಿನಾಚೆ ವಾನೆಸ್ ಡೆಪ್ರೆ, ಟ್ರಾಮ್ ಚಾಲಕ,
ಟೋಪಿ ಕಂಕುಳಲ್ಲಿ,
ಹೆರಿಗೆ ಕೋಣೆಯ ಹೊರಗೆ ನಿಂತವನ ಹಾಗೆ.
“ಇದರ ಜೊತೆ ಆಡುತ್ತೀರಾ?”
“ಛೇ, ಇಲ್ಲ.”
“ಹಾಗಾದರೆ ನೋಡುತ್ತೀರಾ?”
ತಡವಾಗಿ ಬಂತು ಉತ್ತರ. “ಬೆಳಕಿಗೆ ಬಣ್ಣ ಮಾಸುತ್ತೆ, ಮೇಡಂ.
ಕಪಾಟಿನಲ್ಲಿಡುತ್ತೇನೆ. ಪೆಟ್ಟಿಗೆ ತೆರೆಯುವುದಿಲ್ಲ.
ಒಳಗಿದ್ದಾಳೆ ಅಂತ ಗೊತ್ತಿದ್ದರೆ ಸಾಕು.”
ಸುಂಕದವನ ಮುಂದೆ ಸುಖದುಃಖವೇ ಅನ್ನುತ್ತಾರೆ;
ಸುಂಕದವಳು ನಾನು, ಕೇಳಿಸಿಕೊಂಡೆ.

ಆಡುವುದಿಲ್ಲ. ನೋಡುವುದೂ ಇಲ್ಲ.
ಇದಕ್ಕೆ ನಮೂನೆಯಲ್ಲಿ ಮನೆಯಿಲ್ಲ,
ಇಗರ್ಜಿಯಲ್ಲಿ ಇದ್ದೀತು.

ಪಾದ ತಿರುಗಿಸಿದೆ: ಐನೂರರಲ್ಲಿ ಇನ್ನೂರ ಹದಿನಾಲ್ಕು.
ಹೆಸರಿಲ್ಲ. ಲೆಕ್ಕಕ್ಕುಂಟು, ಆಟಕ್ಕಿಲ್ಲ.
ಕೈ ತಗುಲಿತೋ, ಕೈ ತಾನೇ ಹೋಯಿತೋ,
ಭುಜದ ಕೀಲು ಟಕ್ಕೆಂದಿತು,
ಕತ್ತಿ ಮೇಲೆದ್ದಿತು.
“ಮೊಹರು ಒಡೆದಾಗ ಅರ್ಧ ಬೆಲೆ ಹೋಗಿತ್ತು,” ಅಂದ ಡೆಪ್ರೆ,
“ಉಳಿದರ್ಧ ಈಗ.”
ಕ್ಷಮೆ ಕೇಳಿದೆ. ನಿಜ ಹೇಳಬೇಕೆಂದರೆ
ಇನ್ನೊಮ್ಮೆ ಟಕ್ಕೆನಿಸುವ ಆಸೆ
ಐವತ್ತು ದಾಟಿದ ಈ ಬೆರಳುಗಳಿಗೆ.
ಅವನೂ ಕತ್ತಿಯನ್ನೇ ನೋಡುತ್ತಿದ್ದ,
ಬಾಯಿ ಮುಚ್ಚುವುದು ಮರೆತು.

ಆಮೇಲೆ ಮಸೂರದಡಿ ಎಡಗಣ್ಣು.
ಮೂರು ಬಗೆಯ ನೀಲಿ, ಸಾಸಿವೆಯ ಕಾಲುಭಾಗ ಒಂದು ಬಿಳಿ ಚುಕ್ಕೆ.
ರೆಪ್ಪೆಯಂಚಿನಲ್ಲಿ, ಮೆರುಗಿನ ಕೆಳಗೆ,
ಸಿಕ್ಕಿಕೊಂಡ ಕುಂಚದ ಒಂದೇ ಕೂದಲು.
ಕಿವಿಯ ಹಿಂದೆ, ಬಣ್ಣ ಹಸಿಯಿದ್ದಾಗ
ಎತ್ತಿ ಹಿಡಿದ ಬೆರಳಿನ ಗುರುತು,
ಸುಳಿಯನ್ನು ಅಡ್ಡ ಸೀಳಿದ ಹಳೆಯ ಗಾಯ.
ಪಕ್ಕದಲ್ಲಿ ನನ್ನ ಕಿರುಬೆರಳಿಟ್ಟೆ.
ಅದಕ್ಕಿಂತ ಚಿಕ್ಕದು.
ಯಾವ ಊರಿನ ಯಾವ ಪಾಳಿಯಲ್ಲೋ
ಹದಿಮೂರನೆಯದು ಮುಗಿಸಿ,
ಹದಿನೈದಕ್ಕೆ ಕೈಚಾಚುವ ಮುನ್ನ
ಇವಳಿಗೆ ಕಣ್ಣು ಕೊಟ್ಟವಳು.
ಕೂಲಿಯ ಪುಸ್ತಕದಲ್ಲಿ ಅವಳೂ ಒಂದು ಅಂಕಿ.

ಒಟ್ಟೆವೇರ್ ಬಾಗಿಲಲ್ಲಿ ಇಣುಕಿದ:
“ಇನ್ನೂ ಆಗಲಿಲ್ಲವೇ? ಗೊಂಬೆ ತಾನೇ!”
“ಗೊಂಬೆ ತಾನೇ,” ಅಂದೆ.

ಕಲಾವಿದರ ಸಹಿ ಎಂಬಲ್ಲಿ ಬರೆದೆ:
ಇದೆ. ಓದಲು ಬರುವುದಿಲ್ಲ.